ಹೊಸ ಬಿಡಿಭಾಗ, ಹೊಸ ರೋಗ: ಕಾರು ದುರಸ್ತಿಯ ಹಳೆಯ ತಕರಾರು

ಹೀಟ್ ಆಗುತ್ತಿದೆ ಎಂದು ಒಂದು ಕಾರು ಗ್ಯಾರೇಜಿಗೆ ಬರುತ್ತದೆ. ಥರ್ಮೋಸ್ಟಾಟ್ ಕಚ್ಚಿಕೊಂಡಿದೆ ಎಂದು ಮೆಕ್ಯಾನಿಕ್ ಸರಿಯಾಗಿಯೇ ಗುರುತಿಸಿ ಹೊಸದನ್ನು ಹಾಕುತ್ತಾನೆ. ಮಾರನೆಯ ದಿನ ಗೇಜಿನ ಮುಳ್ಳು ಮತ್ತೆ ಕೆಂಪಿಗೇರುತ್ತದೆ. ಥರ್ಮೋಸ್ಟಾಟ್ ಹೊಸದು, ಆದ್ದರಿಂದ ಅದರ ಮೇಲೆ ಯಾರಿಗೂ ಅನುಮಾನವಿಲ್ಲ. ರೇಡಿಯೇಟರ್ ಬಿಚ್ಚಿ ತೊಳೆಸುತ್ತಾರೆ, ಫ್ಯಾನಿನ ರಿಲೇ ಬದಲಿಸುತ್ತಾರೆ, ವಾಟರ್ ಪಂಪ್ ಹಾಕಿಸುತ್ತಾರೆ. ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗಿರಬೇಕೆಂದು ಹೆಡ್ ಇಳಿಸುವ ಮಾತು ಬರುತ್ತದೆ. ಅಷ್ಟು ಹೊತ್ತಿಗೆ ಖರ್ಚು ಹತ್ತಾರು ಪಟ್ಟು ಬೆಳೆದಿರುತ್ತದೆ. ದೋಷ ಮಾತ್ರ ಡಬ್ಬಿಯಿಂದ ತೆಗೆದು ಹಾಕಿದ ಆ ಹೊಸ ಥರ್ಮೋಸ್ಟಾಟಿನಲ್ಲೇ ಇರುತ್ತದೆ.

ಇಂಥ ಕಥೆ ಕೇಳದ ಗ್ಯಾರೇಜಿಲ್ಲ. ಆದರೆ ಇದರಿಂದ ಏನು ಕಲಿಯಬೇಕು ಎಂಬಲ್ಲಿ ಒಮ್ಮತವಿಲ್ಲ. ಹೊಸ ಭಾಗ ಕೆಟ್ಟಿರುವುದು ಅಪರೂಪ, ಮೊದಲು ನಿಮ್ಮ ಫಿಟ್ಟಿಂಗ್ ನೋಡಿಕೊಳ್ಳಿ ಎನ್ನುವವರಿದ್ದಾರೆ. ಕೊನೆಗೆ ಏನು ಬದಲಿಸಿದಿರೋ ಅದನ್ನೇ ಮೊದಲು ಹಿಡಿಯಿರಿ ಎನ್ನುವವರಿದ್ದಾರೆ. ಎಲ್ಲವೂ ಡೂಪ್ಲಿಕೇಟ್ ಮಾಲಿನ ಕಾಟ ಎನ್ನುವವರೂ, ಅಳತೆಯಿಲ್ಲದೆ ಹಳೆಯದನ್ನೂ ನಂಬಬೇಡಿ ಹೊಸದನ್ನೂ ನಂಬಬೇಡಿ ಎನ್ನುವವರೂ ಇದ್ದಾರೆ. ಪ್ರತಿ ವಾದದ ಹಿಂದೆಯೂ ಗಟ್ಟಿಯಾದ ಅನುಭವವಿದೆ. ಈ ವಾದಗಳು ಎಲ್ಲಿಂದ ಬಂದವು, ಯಾವುದು ಏನನ್ನು ವಿವರಿಸುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಹೊಸದರ ಮೇಲಿನ ನಂಬಿಕೆ ಬಂದದ್ದೆಲ್ಲಿಂದ

ಮೋಟಾರು ಕಾರಿನ ಮೊದಲ ದಿನಗಳಲ್ಲಿ ಅಂಗಡಿಯಿಂದ ಹೊಸ ಭಾಗ ತಂದು ಹಾಗೇ ಕೂರಿಸುವುದು ಆಗದ ಮಾತಾಗಿತ್ತು. ಕುಶಲಕರ್ಮಿ ಪ್ರತಿ ಭಾಗವನ್ನೂ ಅರ ಹಿಡಿದು ಉಜ್ಜಿ ಆಯಾ ಕಾರಿಗೆ ಹೊಂದಿಸುತ್ತಿದ್ದ. ಒಂದು ಕಾರಿನ ಭಾಗ ಅದೇ ಮಾದರಿಯ ಇನ್ನೊಂದಕ್ಕೆ ಹಿಡಿಯುವ ಭರವಸೆ ಇರಲಿಲ್ಲ. ಈ ಸ್ಥಿತಿ ಬದಲಾಗಿದೆ ಎಂದು ಜಗತ್ತಿಗೆ ತೋರಿಸಿದ್ದು 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ನಡೆದ ಪರೀಕ್ಷೆ. ರಾಯಲ್ ಆಟೊಮೊಬೈಲ್ ಕ್ಲಬ್ಬಿನವರ ಕಣ್ಣೆದುರಿಗೆ ಮೂರು ಕ್ಯಾಡಿಲ್ಯಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ ಭಾಗಗಳನ್ನು ಒಂದೇ ರಾಶಿಯಲ್ಲಿ ಬೆರೆಸಿದರು. ಅದರಲ್ಲಿ 89 ಭಾಗಗಳನ್ನು ತೆಗೆದಿಟ್ಟು ಬದಲಿಗೆ ದಾಸ್ತಾನಿನಲ್ಲಿದ್ದ ಹೊಸ ಭಾಗಗಳನ್ನು ಸೇರಿಸಿದರು. ಅರದ ಮುಖ ನೋಡದೆ, ಬರೀ ಸ್ಪಾನರ್ ಮತ್ತು ಸ್ಕ್ರೂಡ್ರೈವರಿನಲ್ಲಿ ಮೂರು ಕಾರುಗಳನ್ನು ಮತ್ತೆ ಕಟ್ಟಿ 500 ಮೈಲಿ ಓಡಿಸಿದರು. ಕ್ಯಾಡಿಲ್ಯಾಕ್‌ಗೆ ಆ ಸಾಧನೆಗಾಗಿ ಡ್ಯೂವರ್ ಟ್ರೋಫಿ ಸಿಕ್ಕಿತು. ಹೊಸ ಭಾಗವೆಂದರೆ ಸರಿಯಾದ ಭಾಗ ಎಂಬ ನಂಬಿಕೆಗೆ ಅದು ಅಡಿಪಾಯವಾಯಿತು.

ಆ ನಂಬಿಕೆಗೊಂದು ಮಿತಿಯೂ ಬೇಗನೆ ಸೇರಿಕೊಂಡಿತು. ಲಕ್ಷಗಟ್ಟಲೆ ತಯಾರಾಗುವ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಲು ಯಾವ ಕಾರ್ಖಾನೆಗೂ ಪುರುಸೊತ್ತಿಲ್ಲ. ಅಮೆರಿಕದ ಬೆಲ್ ಟೆಲಿಫೋನ್ ಸಮೂಹದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯಿಂದ ಮುಂದೆ ಗುಣಮಟ್ಟವೆಂಬುದು ಸಂಖ್ಯಾಶಾಸ್ತ್ರದ ವಿಷಯವಾಯಿತು. ಮಾದರಿಗೆ ಕೆಲವನ್ನು ಎತ್ತಿ ನೋಡುವುದು, ಅದರ ಮೇಲೆ ಇಡೀ ಲಾಟನ್ನು ಒಪ್ಪುವುದು ಇಲ್ಲವೇ ತಳ್ಳುವುದು ರೂಢಿಯಾಯಿತು. ಗಿರಾಕಿಯ ಕೈಗೆ ಬರುವ ಡಬ್ಬಿ ಕೊಡುವ ಭರವಸೆ ಲಾಟಿನ ಕುರಿತದ್ದು. ಒಳಗಿರುವ ಆ ಒಂದು ಭಾಗದ ಕುರಿತದ್ದಲ್ಲ. ಈ ಚರ್ಚೆಯ ಬೇರು ಈ ವ್ಯತ್ಯಾಸದಲ್ಲಿದೆ.

ನಮ್ಮಲ್ಲಿ ಕಥೆ ಬೇರೆ ದಾರಿಯಲ್ಲಿ ಬಂತು. ಅಂಬಾಸಿಡರ್ ಮತ್ತು ಪದ್ಮಿನಿಗಳ ಕಾಲದಲ್ಲಿ ಬಿಡಿಭಾಗಕ್ಕೆ ಬರವಿತ್ತು. ಡೈನಮೋ ಕೆಟ್ಟರೆ ಆರ್ಮೇಚರ್ ರೀವೈಂಡ್ ಮಾಡಿಸುವುದು, ಬುಷ್ ಸವೆದರೆ ಲೇತಿನಲ್ಲಿ ಕಡೆಸುವುದು, ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪ್ಲಗ್ಗನ್ನೂ ಉಜ್ಜಿ ಗ್ಯಾಪ್ ಹೊಂದಿಸಿ ಮತ್ತೆ ಹಾಕುವುದು ಮೇಸ್ತ್ರಿಗಳ ದಿನನಿತ್ಯದ ಕೆಲಸವಾಗಿತ್ತು. ಭಾಗವನ್ನು ಕೈಯಲ್ಲಿ ಬಿಚ್ಚಿ ಒಳಗೇನಾಗಿದೆ ಎಂದು ನೋಡುವವನಿಗೆ ಅದರ ದೋಷ ಕಾಣುತ್ತದೆ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಬಿಚ್ಚುವುದು ನಿಂತು ಬದಲಿಸುವುದು ಬೆಳೆಯಿತು. ಕೆಲಸ ಚುರುಕಾಯಿತು. ಆದರೆ ಭಾಗದ ಒಳಗನ್ನು ನೋಡುವ ಅಭ್ಯಾಸ ತಪ್ಪಿತು. ಇಂದು ಜೆ.ಸಿ. ರಸ್ತೆಯ ಅಂಗಡಿಯಿಂದ ಬರುವ ಸೆನ್ಸರನ್ನು ಬಿಚ್ಚುವಂತೆಯೂ ಇಲ್ಲ. ಅದು ಅಚ್ಚು ಹಾಕಿದ ಪ್ಲಾಸ್ಟಿಕ್ ಗಟ್ಟಿ.

ಒಂದೇ ನಂಬರು, ಎರಡು ಸ್ವಿಚ್ಚು

ಹೊಸ ಭಾಗವನ್ನು ಅಳೆಯದೆ ನಂಬಿದರೆ ಏನಾಗಬಹುದು ಎಂಬುದಕ್ಕೆ ದಾಖಲಾದ ಒಂದು ದೊಡ್ಡ ಉದಾಹರಣೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಇಗ್ನಿಷನ್ ಸ್ವಿಚ್ ಪ್ರಕರಣ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮೊದಲಾದ ಕಾರುಗಳ ಸ್ವಿಚ್ಚಿನಲ್ಲಿ ಕೀಲಿಯನ್ನು ‘ಆನ್’ ಜಾಗದಲ್ಲಿ ಹಿಡಿದಿಡುವ ಸ್ಪ್ರಿಂಗ್ ಮತ್ತು ಪುಟ್ಟ ಕಡ್ಡಿ ಬೇಕಾದಷ್ಟು ಬಿಗಿಯಿರಲಿಲ್ಲ. ಕೀಗೊಂಚಲಿನ ಭಾರಕ್ಕೋ ಮೊಣಕಾಲು ತಗುಲಿದ್ದಕ್ಕೋ ಕೀಲಿ ಜಾರಿ ಎಂಜಿನ್ ಆಫ್ ಆಗುತ್ತಿತ್ತು. ಅದರೊಡನೆ ಏರ್‌ಬ್ಯಾಗಿನ ವಿದ್ಯುತ್ತೂ ಹೋಗುತ್ತಿತ್ತು. ಕಂಪನಿ ರಚಿಸಿದ ಪರಿಹಾರ ನಿಧಿಯೇ 124 ಸಾವುಗಳಿಗೆ ಪರಿಹಾರ ಕೊಟ್ಟಿತು.

ದೋಷದಷ್ಟೇ ಭಯಂಕರವಾದದ್ದು ಅದು ಪತ್ತೆಯಾಗಲು ತಗುಲಿದ ಕಾಲ. 2006ರಲ್ಲಿ ಸ್ವಿಚ್ಚಿನ ವಿನ್ಯಾಸವನ್ನು ತಿದ್ದಿ ಕಡ್ಡಿಯನ್ನು ಉದ್ದ ಮಾಡಲಾಯಿತು. ಆದರೆ ಪಾರ್ಟ್ ನಂಬರ್ ಬದಲಾಗಲಿಲ್ಲ. ತನಿಖೆಗೆ ಕೂತ ಕಂಪನಿಯ ಎಂಜಿನಿಯರುಗಳಿಗೆ ಹಳೆಯ ಮಾದರಿಗಳಲ್ಲಿ ಕಾಣುವ ತೊಂದರೆ ಹೊಸ ಮಾದರಿಗಳಲ್ಲಿ ಏಕಿಲ್ಲ ಎಂಬುದು ಒಗಟಾಗಿ ಉಳಿಯಿತು. ಕಾಗದದಲ್ಲಿ ಎರಡಕ್ಕೂ ಒಂದೇ ಸ್ವಿಚ್ ಇತ್ತಲ್ಲ! ಜಾರ್ಜಿಯಾ ರಾಜ್ಯದ ಒಂದು ಅಪಘಾತ ಪ್ರಕರಣದಲ್ಲಿ ಮೃತರ ಕುಟುಂಬದ ವಕೀಲರು ನೇಮಿಸಿದ್ದ ತಜ್ಞರು ಅಪಘಾತವಾದ ಕಾರಿನ ಸ್ವಿಚ್ಚನ್ನೂ ಅಂಗಡಿಯಿಂದ ಕೊಂಡ ಅದೇ ನಂಬರಿನ ಹೊಸ ಸ್ವಿಚ್ಚನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದರು. ಹೊಸದರ ಕಡ್ಡಿ ಒಂದೂವರೆ ಮಿಲಿಮೀಟರಿನಷ್ಟು ಉದ್ದವಿತ್ತು. ವರ್ಷಗಟ್ಟಲೆ ಕಡತಗಳು ಹೇಳದ್ದನ್ನು ಆ ಅಳತೆ ಹೇಳಿತು.

2014ರ ಮಾರ್ಚಿನಲ್ಲಿ ಕಂಪನಿ ವಾಪಸಾತಿಯನ್ನು 2008ರಿಂದ 2011ರವರೆಗಿನ ಮಾದರಿಗಳಿಗೂ ವಿಸ್ತರಿಸಿತು. ಆ ಕಾರುಗಳು ಕಾರ್ಖಾನೆಯಿಂದ ಸರಿಯಾದ ಸ್ವಿಚ್ ಹೊತ್ತೇ ಬಂದಿದ್ದವು. ಆದರೆ ದುರಸ್ತಿಯ ವೇಳೆ ಹಳೆಯ ದಾಸ್ತಾನಿನ ದೋಷಯುಕ್ತ ಸ್ವಿಚ್ ಯಾವ ಕಾರಿಗೆ ಹೋಗಿದೆಯೆಂದು ಹೇಳುವುದು ಸಾಧ್ಯವಿರಲಿಲ್ಲ. ಸರಿಯಿದ್ದ ಕಾರನ್ನು ದುರಸ್ತಿಯೇ ಕೆಡಿಸಿರಬಹುದು ಎಂದು ಒಬ್ಬ ತಯಾರಕ ಒಪ್ಪಿಕೊಳ್ಳಬೇಕಾದ ಸಂದರ್ಭ ಅದು.

ತಕಾಟಾ ಕಂಪನಿಯ ಏರ್‌ಬ್ಯಾಗ್ ಪ್ರಕರಣದಲ್ಲೂ ಇದೇ ಎಳೆಯಿದೆ. ಏರ್‌ಬ್ಯಾಗನ್ನು ಉಬ್ಬಿಸುವ ಹಳೆಯ ಇನ್‌ಫ್ಲೇಟರ್ ತೆಗೆದು ಅದೇ ಬಗೆಯ ಹೊಸದನ್ನು ಹಾಕಿಸಿಕೊಂಡ ಕಾರುಗಳಲ್ಲಿ ಅನೇಕವನ್ನು ಮತ್ತೊಮ್ಮೆ ಕರೆಸಬೇಕಾಯಿತು. ಇನ್‌ಫ್ಲೇಟರಿನೊಳಗಿನ ಅಮೋನಿಯಂ ನೈಟ್ರೇಟ್ ಶಾಖ ಮತ್ತು ತೇವದಲ್ಲಿ ಕಾಲಕ್ರಮೇಣ ಕೆಡುವಂಥದ್ದು. ಹೊಸದನ್ನು ಹಾಕಿದಾಗ ದೋಷ ಮುಂದಕ್ಕೆ ಹೋಯಿತೇ ಹೊರತು ನಿವಾರಣೆಯಾಗಲಿಲ್ಲ.

ಮೊದಲ ಪಂಥ: ತಪ್ಪು ಭಾಗದ್ದಲ್ಲ, ಕೈಯದ್ದು

ಕಂಪನಿಯ ಸರ್ವಿಸ್ ಸೆಂಟರುಗಳಲ್ಲೂ ತಯಾರಕರ ವಾರಂಟಿ ವಿಭಾಗಗಳಲ್ಲೂ ಬಲವಾಗಿರುವ ಪಂಥವಿದು. ವಾರಂಟಿಯಲ್ಲಿ ವಾಪಸು ಬರುವ ಭಾಗಗಳಲ್ಲಿ ಗಣನೀಯ ಪಾಲು ಪರೀಕ್ಷೆಗಿಟ್ಟಾಗ ಸರಿಯಾಗಿಯೇ ಕೆಲಸ ಮಾಡುತ್ತದೆ ಎಂಬುದು ಇವರ ಮೊದಲ ಸಾಕ್ಷ್ಯ. ಮೂಲ ರೋಗವೇ ಬೇರೆಯಿದ್ದು ಭಾಗ ಬದಲಿಸಿದ್ದು ವ್ಯರ್ಥವಾಗಿರಬಹುದು. ಇಲ್ಲವೇ ಭಾಗ ಸರಿಯಿದ್ದು ಕೂರಿಸಿದ ರೀತಿ ತಪ್ಪಿರಬಹುದು.

ಈ ವಾದಕ್ಕೆ ಉದಾಹರಣೆಗಳು ಹೇರಳ. ಈಗಿನ ಅನೇಕ ಕಾರುಗಳ ಚಕ್ರದ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಅಯಸ್ಕಾಂತದ ಉಂಗುರವಿರುತ್ತದೆ. ಎಬಿಎಸ್ ಸೆನ್ಸರ್ ಚಕ್ರದ ವೇಗವನ್ನು ಅದರಿಂದ ಓದುತ್ತದೆ. ನೋಡಲು ಎರಡೂ ಬದಿ ಒಂದೇ ತರಹ. ಹಿಂದುಮುಂದಾಗಿ ಪ್ರೆಸ್ ಮಾಡಿದರೆ ಚಕ್ರ ನುಣ್ಣಗೆ ತಿರುಗುತ್ತದೆ, ಎಬಿಎಸ್ ದೀಪ ಮಾತ್ರ ಆರುವುದಿಲ್ಲ. ಥರ್ಮೋಸ್ಟಾಟ್ ಬದಲಿಸಿದ ಮೇಲೆ ಕೂಲೆಂಟಿನಲ್ಲಿ ಗಾಳಿ ಸಿಕ್ಕಿಕೊಂಡರೆ ಕೆಟ್ಟ ಥರ್ಮೋಸ್ಟಾಟಿನ ಲಕ್ಷಣಗಳೇ ಕಾಣಿಸುತ್ತವೆ. ಪೆಟ್ಟಿಗೆಯಿಂದ ತೆಗೆಯುವಾಗ ನೆಲಕ್ಕೆ ಬಿದ್ದ ಪ್ಲಗ್ಗಿನ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದು ಮಿಸ್ಸಿಂಗ್ ಹೊಡೆಯಬಹುದು.

ಬ್ರೇಕ್ ಡಿಸ್ಕಿನ ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹೊಸ ಡಿಸ್ಕ್ ಹಾಕಿದ ಮೇಲೆ ಬ್ರೇಕ್ ಒತ್ತಿದಾಗ ಪೆಡಲ್ ನಡುಗಿದರೆ ಡಿಸ್ಕೇ ಡೊಂಕು ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುವುದು ಸಾಮಾನ್ಯ. ಡಯಲ್ ಗೇಜಿಟ್ಟು ಚಕ್ರ ತಿರುಗಿಸಿ ಉಬ್ಬಿದ ಜಾಗವನ್ನು ಸೀಮೆಸುಣ್ಣದಲ್ಲಿ ಡಿಸ್ಕಿನ ಮೇಲೂ ಹಬ್ಬಿನ ಮೇಲೂ ಗುರುತು ಮಾಡಬೇಕು. ಡಿಸ್ಕ್ ಬಿಚ್ಚಿ ಒಂದು ಬೋಲ್ಟಿನ ಜಾಗದಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಬೇಕು. ಉಬ್ಬು ಡಿಸ್ಕಿನ ಗುರುತಿನ ಜೊತೆ ಸರಿದರೆ ದೋಷ ಡಿಸ್ಕಿನದು. ಹಬ್ಬಿನ ಗುರುತಿನಲ್ಲೇ ನಿಂತರೆ ಹಬ್ಬಿನದು. ಬಹಳ ಸಲ ಹಬ್ಬಿನ ಮೇಲೆ ಉಳಿದ ತುಕ್ಕಿನ ಪದರವೇ ಕಾರಣವಾಗಿರುತ್ತದೆ. ಮಿಲಿಮೀಟರಿನ ನೂರರಲ್ಲಿ ಐದಾರು ಭಾಗದ ಏರಿಳಿತವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಂಟಾಣೆ ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಬಹುದಾದ ತುಕ್ಕಿಗೆ ಎರಡು ಹೊಸ ಡಿಸ್ಕುಗಳು ಬಲಿಯಾಗುವುದುಂಟು.

ಈ ಪಂಥದ ಬಲ ಅದು ಕಲಿಸುವ ಶಿಸ್ತು. ದೌರ್ಬಲ್ಯವೆಂದರೆ ತಯಾರಕನಿಗೆ ಇದು ಸುಲಭದ ತಪ್ಪಿಸಿಕೊಳ್ಳುವ ದಾರಿಯೂ ಹೌದು. ಪರೀಕ್ಷಾ ಮೇಜಿನ ಮೇಲೆ ತಣ್ಣಗೆ ಕೂತ ಸೆನ್ಸರ್ ಸರಿಯಾಗಿ ನಡೆದು, ಎಂಜಿನ್ನಿನ ಪಕ್ಕದ ಬಿಸಿಯಲ್ಲಿ ಮಾತ್ರ ಕೈಕೊಡಬಹುದು. ದೋಷ ಕಾಣಲಿಲ್ಲ ಎಂದರೆ ದೋಷವಿಲ್ಲ ಎಂದಲ್ಲ.

ಎರಡನೆಯ ಪಂಥ: ಕೊನೆಗೆ ಮುಟ್ಟಿದ್ದನ್ನು ಮೊದಲು ನೋಡು

ಅನುಭವಿ ಮೇಸ್ತ್ರಿಗಳ ಬಾಯಲ್ಲಿರುವ ಸೂತ್ರ ಇದು. ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆ, ಅದು ಬಂದದ್ದು ವಿಮಾನಗಳ ಲೋಕದಿಂದ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡಿನಲ್ಲಿ ಕೆಲಸ ಮಾಡಿದ ಜೀವವಿಜ್ಞಾನಿ ಸಿ.ಎಚ್. ವ್ಯಾಡಿಂಗ್ಟನ್ ಮತ್ತು ಸಂಗಡಿಗರು ಲಿಬರೇಟರ್ ವಿಮಾನಗಳ ದುರಸ್ತಿ ದಾಖಲೆಗಳನ್ನು ಜೋಡಿಸಿ ನೋಡಿದರು. ನಿಗದಿತ ತಪಾಸಣೆ ಮುಗಿದ ತಕ್ಷಣದ ಹಾರಾಟಗಳಲ್ಲೇ ಆಕಸ್ಮಿಕ ದುರಸ್ತಿಗಳು ಹೆಚ್ಚಾಗಿದ್ದವು. ದಿನ ಕಳೆದಂತೆ ಇಳಿಯುತ್ತಿದ್ದವು. ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು ತಪಾಸಣೆಯೇ ಕದಡುತ್ತಿತ್ತು.

1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ ಬರೆದ ವರದಿ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅವರು ಪರಿಶೀಲಿಸಿದ ವಿಮಾನ ಭಾಗಗಳಲ್ಲಿ ಶೇಕಡಾ 68ರಷ್ಟು ಹೊಸದಾಗಿದ್ದಾಗಲೇ ಕೆಡುವ ಸಾಧ್ಯತೆ ಹೆಚ್ಚಿದ್ದು, ಆ ಆರಂಭದ ಅವಧಿ ದಾಟಿದ ಮೇಲೆ ಸ್ಥಿರವಾಗಿ ನಡೆಯುವಂಥವು. ವಿಮಾನದ ಅಂಕಿಯನ್ನು ಕಾರಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೂ ಹಳೆಯದು ಕೆಡುತ್ತದೆ, ಹೊಸದು ಕೆಡುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಅದು ಬುಡದಿಂದ ಅಲುಗಿಸಿತು.

ಮೊದಲ ಪಂಥಕ್ಕೆ ಈ ಪಂಥ ಕೊಡುವ ಅತ್ಯುತ್ತಮ ಉತ್ತರ ಒಂದು ಸರಳ ಲೆಕ್ಕ. ನೂರು ಹೊಸ ಭಾಗಗಳಲ್ಲಿ ಒಂದೇ ಕೆಟ್ಟದ್ದು ಎಂದಿಟ್ಟುಕೊಳ್ಳೋಣ. ನೂರು ಕಾರುಗಳಿಗೆ ಹಾಕಿದಾಗ ತೊಂಬತ್ತೈದು ಸರಿಹೋಗಿ ಐದು ಅದೇ ದೂರಿನೊಡನೆ ವಾಪಸು ಬಂದವು ಎಂದುಕೊಳ್ಳೋಣ. ಆ ಕೆಟ್ಟ ಭಾಗ ಈ ಐದರಲ್ಲೇ ಇರಬೇಕು. ನೂರರಲ್ಲಿ ಒಂದಾಗಿದ್ದ ಅನುಮಾನ ವಾಪಸು ಬಂದ ಕಾರುಗಳ ಮಟ್ಟಿಗೆ ಐದರಲ್ಲಿ ಒಂದಾಯಿತು. ಹೊಸ ಭಾಗ ಕೆಟ್ಟಿರುವುದು ಅಪರೂಪ ಎಂಬ ಮಾತು ಅಂಗಡಿಯ ಕಪಾಟಿಗೆ ಸರಿ. ಎರಡನೇ ಸಲ ಗ್ಯಾರೇಜಿಗೆ ಬಂದು ನಿಂತ ಕಾರಿಗೆ ಸರಿಯಲ್ಲ. ಉಳಿದ ನಾಲ್ಕರಲ್ಲಿ ದೋಷ ಬೇರೆಡೆ ಇರುವುದೂ ಇದೇ ಲೆಕ್ಕದಿಂದ ಕಾಣುತ್ತದೆ. ಆದ್ದರಿಂದ ಅನುಮಾನಿಸಬೇಕು, ತೀರ್ಪು ಕೊಡಬಾರದು.

ಈ ಪಂಥ ಎಡವುವುದೂ ಅಲ್ಲೇ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುವ ಸಂದರ್ಭ ಗ್ಯಾರೇಜಿನಲ್ಲಿ ದಿನಾ ಇರುತ್ತದೆ. ಕ್ಲಚ್ ಹಾಕಿಸಿದ ವಾರದಲ್ಲೇ ಬ್ಯಾಟರಿ ಸತ್ತರೆ ಎರಡಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಇದಕ್ಕೆ ಮದ್ದು ನಮ್ಮ ತರ್ಕಶಾಸ್ತ್ರ ಹೇಳಿದ ಅನ್ವಯ-ವ್ಯತಿರೇಕ: ಭಾಗ ಇದ್ದಾಗ ದೋಷ ಬರಬೇಕು, ತೆಗೆದಾಗ ಹೋಗಬೇಕು. ಹಾಗೆ ನೋಡಲು ತೆಗೆದ ಹಳೆಯ ಭಾಗ ಕೈಯಲ್ಲಿರಬೇಕು. ಅದನ್ನು ಅಂದೇ ಗುಜರಿಗೆ ಹಾಕಿದವನಿಗೆ ಈ ಪರೀಕ್ಷೆಯ ದಾರಿ ಮುಚ್ಚಿತು.

ಮೂರನೆಯ ಪಂಥ: ಮಾಲು ಎಲ್ಲಿಯದು?

ಗಿರಾಕಿಗಳಲ್ಲಿ ಹೆಚ್ಚು ಮಂದಿ ನಂಬುವುದು ಈ ಪಂಥವನ್ನು. ಮಾರುಕಟ್ಟೆಯಲ್ಲಿ ಒಂದೇ ಭಾಗ ನಾಲ್ಕು ರೂಪದಲ್ಲಿ ಸಿಗುತ್ತದೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವ ಒರಿಜಿನಲ್ ಒಂದು. ಅದೇ ಭಾಗವನ್ನು ಕಂಪನಿಗೆ ತಯಾರಿಸಿಕೊಡುವವನು ತನ್ನ ಹೆಸರಿನಲ್ಲಿ ಮಾರುವುದು ಎರಡನೆಯದು. ಸ್ವತಂತ್ರ ತಯಾರಕ ತನ್ನದೇ ಹೆಸರಿನಲ್ಲಿ ಮಾಡುವುದು ಮೂರನೆಯದು. ನಾಲ್ಕನೆಯದು ಬೇರೆಯವರ ಹೆಸರು, ಡಬ್ಬಿ, ಹೋಲೋಗ್ರಾಂ ಕದ್ದು ಮಾಡುವ ನಕಲಿ. ಮಾತಿನಲ್ಲಿ ಕೊನೆಯ ಎರಡನ್ನೂ ‘ಲೋಕಲ್’, ‘ಡೂಪ್ಲಿಕೇಟ್’ ಎಂದು ಒಟ್ಟಿಗೆ ಸೇರಿಸಿಬಿಡುತ್ತೇವೆ. ಅದು ಅನ್ಯಾಯ. ಸ್ವತಂತ್ರ ತಯಾರಕ ತನ್ನ ಹೆಸರಿಟ್ಟು ಮಾರುವವನು, ಪ್ರಶ್ನಿಸಿದರೆ ಸಿಗುವವನು. ನಕಲಿ ಮಾಡುವವನು ಕಾನೂನಿನ ಕಣ್ಣಲ್ಲಿ ಅಪರಾಧಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ.

ನಕಲಿ ಮಾಲಿನ ದೋಷ ಬಹಳ ಸಲ ಒಳಗೆ ಅಡಗಿರುತ್ತದೆ. ಆಯಿಲ್ ಫಿಲ್ಟರಿನ ಒಳಗೆ ಎಂಜಿನ್ ನಿಂತಾಗ ಆಯಿಲ್ ಕೆಳಗಿಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಅದಿಲ್ಲದ, ಇಲ್ಲವೇ ಕಳಪೆ ರಬ್ಬರಿನ ಫಿಲ್ಟರ್ ಹಾಕಿದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಆಯಿಲ್ ತಲುಪುವವರೆಗೆ ಎಂಜಿನ್ ಕಟಕಟ ಎನ್ನುತ್ತದೆ. ಚೈನ್ ಸಡಿಲವಾಗಿದೆಯೆಂದು ಟೈಮಿಂಗ್ ಕವರ್ ಬಿಚ್ಚಲು ಹೊರಡುವ ಮೊದಲು ಫಿಲ್ಟರ್ ಯಾವಾಗ ಬದಲಾಯಿತು ಎಂದು ಕೇಳುವುದು ಜಾಣತನ.

ಆದರೆ ಜನರಲ್ ಮೋಟಾರ್ಸ್ ಮತ್ತು ತಕಾಟಾ ಪ್ರಕರಣಗಳ ಮುಂದೆ ಈ ಪಂಥಕ್ಕೆ ಉತ್ತರವಿಲ್ಲ. ಅವೆಲ್ಲ ಅಸಲಿ ಭಾಗಗಳೇ. ಒರಿಜಿನಲ್ ಎಂಬ ಮುದ್ರೆ ಮೂಲವನ್ನು ಹೇಳುತ್ತದೆ. ಗುಣವನ್ನು ಹೇಳಲು ಬೇರೆ ಪುರಾವೆ ಬೇಕು. ಭಾರತದಲ್ಲಿ ಒರಿಜಿನಲ್ ಮಾಲೇ ಸುಲಭವಾಗಿ ಸಿಗುತ್ತಿರಲಿಲ್ಲ ಎಂಬುದೂ ನೆನಪಿರಬೇಕು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದವು ಎಂಬುದು ಆರೋಪದ ತಿರುಳು. ಮೇಲ್ಮನವಿಗಳು ನಡೆದವು. ಆದರೂ ನಕಲಿಗೆ ಮಾರುಕಟ್ಟೆ ಹುಟ್ಟಿಸಿದ್ದರಲ್ಲಿ ಅಸಲಿಯನ್ನು ಬಚ್ಚಿಟ್ಟವರ ಪಾಲೂ ಇದೆ ಎಂಬುದನ್ನು ಆ ಆದೇಶ ಬಹಿರಂಗವಾಗಿ ಚರ್ಚೆಗೆ ತಂದಿತು.

ನಾಲ್ಕನೆಯ ಪಂಥ: ಅಳೆಯದೆ ನಂಬಬೇಡ

ಈ ಪಂಥದವರಿಗೆ ಭಾಗದ ವಯಸ್ಸೂ ಮುಖ್ಯವಲ್ಲ, ಡಬ್ಬಿಯೂ ಮುಖ್ಯವಲ್ಲ. ಭಾಗ ಏನು ಮಾಡಬೇಕೋ ಅದನ್ನು ಮಾಡುತ್ತಿದೆಯೇ ಎಂಬುದೊಂದೇ ಪ್ರಶ್ನೆ. ಇದು ಆಸಿಲೋಸ್ಕೋಪ್ ಬಂದ ಮೇಲೆ ಹುಟ್ಟಿದ್ದಲ್ಲ. ಅಂಬಾಸಿಡರ್‌ನಂಥ ಹಳೆಯ ಗಾಡಿಗಳ ಡಿಸ್ಟ್ರಿಬ್ಯೂಟರಿನ ರೋಟರನ್ನೇ ತೆಗೆದುಕೊಳ್ಳಿ. ಕಳಪೆ ರೋಟರಿನ ಬೇಕಲೈಟ್ ಮೈಯಲ್ಲಿ, ಅದರಲ್ಲೂ ರಿವೆಟ್ಟಿನ ಬಳಿ, ಕರೆಂಟ್ ಸೋರಿ ಕೆಳಗಿನ ಶಾಫ್ಟಿಗೆ ಇಳಿಯುತ್ತದೆ. ಗಾಡಿ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಭಾರ ಎಳೆಯುವಾಗ ನಿಲ್ಲುತ್ತದೆ. ಹೊಸ ರೋಟರಿನಲ್ಲಿ ಏನೂ ಕಾಣಿಸುವುದಿಲ್ಲ. ಕ್ಯಾಪ್ ತೆಗೆದು, ಕಾಯಿಲಿನಿಂದ ಬರುವ ದಪ್ಪ ವೈರಿನ ತುದಿಯನ್ನು ಒಳ್ಳೆಯ ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು, ರೋಟರಿನ ಹಿತ್ತಾಳೆಯ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿಟ್ಟು ಪಾಯಿಂಟ್ ಬಿಡಿಸಿದರೆ ಗುಟ್ಟು ಹೊರಬೀಳುತ್ತದೆ. ರೋಟರ್ ಸರಿಯಿದ್ದರೆ ಕಿಡಿಗೆ ಹೋಗಲು ದಾರಿಯಿಲ್ಲ. ಪಟಪಟನೆ ಕಿಡಿ ಹಾರಿದರೆ ಅದು ರೋಟರನ್ನು ತೂರಿ ಶಾಫ್ಟಿಗೆ ಹೋಗುತ್ತಿದೆ ಎಂದರ್ಥ. ಒಂದು ನಿಮಿಷದ ಕೆಲಸ, ಖರ್ಚಿಲ್ಲ.

ಥರ್ಮೋಸ್ಟಾಟಿಗೂ ಹಾಗೆಯೇ. ಅದರ ಹೊಟ್ಟೆಯಲ್ಲಿರುವ ಮೇಣ ಬಿಸಿಗೆ ಹಿಗ್ಗಿ ಬಾಯಿ ತೆರೆಸುತ್ತದೆ; ತೆರೆಯಲು ಶುರುವಾಗುವ ಉಷ್ಣತೆಯನ್ನು, ಉದಾಹರಣೆಗೆ 82 ಎಂದು, ಅದರ ಮೇಲೇ ಕೊರೆದಿರುತ್ತಾರೆ. ಕೂರಿಸುವ ಮೊದಲು ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ದಾರದಲ್ಲಿ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆಯ ಮೇಲೆ ಕಾಯಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ; 82ರದ್ದು ಚೆನ್ನಾಗಿ ತೆರೆದುಕೊಳ್ಳಲು ಅದು ಸಾಕು. ಕುದಿಯುವ ನೀರಿನಲ್ಲೂ ಬಾಯಿ ಬಿಡದ್ದು ಕಾರಿನಲ್ಲೂ ಬಿಡುವುದಿಲ್ಲ. ಈ ಹತ್ತು ನಿಮಿಷ ಉಳಿಸಲು ಹೋಗಿ ಹೆಡ್ ಇಳಿಸುವವರೆಗೆ ಬಂದವರಿದ್ದಾರೆ. ಬೇಸತ್ತು ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದೂ ನಮ್ಮಲ್ಲಿ ರೂಢಿ. ಆಗ ಎಂಜಿನ್ ತನ್ನ ಹದದ ಬಿಸಿಗೆ ಬಾರದೆ ಪೆಟ್ರೋಲ್ ಕುಡಿಯುತ್ತದೆ.

ಎಲೆಕ್ಟ್ರಾನಿಕ್ಸ್ ತುಂಬಿದ ಕಾರಿನಲ್ಲಿ ಇದೇ ತತ್ವಕ್ಕೆ ಉಪಕರಣ ಬೇರೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ದೋಷವನ್ನು ಕೋಡಿನಲ್ಲಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಮುಂದೆ ನಮ್ಮಲ್ಲೂ ಬಂತು. ಸ್ಕ್ಯಾನರಿನಲ್ಲಿ ಕೋಡ್ ಓದಿ ಆ ಹೆಸರಿನ ಭಾಗ ಬದಲಿಸುವುದು ಹಲವು ಗ್ಯಾರೇಜುಗಳ ಪದ್ಧತಿ. ಆದರೆ ಕೋಡ್ ಲಕ್ಷಣವನ್ನಷ್ಟೇ ಹೇಳುತ್ತದೆ. ಗಾಳಿಯ ಹರಿವು ಅಳೆಯುವ ಹೊಸ ಸೆನ್ಸರ್ ಕಡಿಮೆ ತೋರಿಸುತ್ತಿದ್ದರೆ ಕಂಪ್ಯೂಟರ್ ಇಂಧನವನ್ನೂ ಕಡಿಮೆ ಬಿಡುತ್ತದೆ. ಆಕ್ಸಿಜನ್ ಸೆನ್ಸರ್ ದೂರಿದಾಗ ತಿದ್ದಲು ಹೆಚ್ಚುವರಿ ಇಂಧನ ಸೇರಿಸುತ್ತದೆ. ಆ ತಿದ್ದುಪಡಿಯ ಅಂಕಿಯನ್ನು ಸ್ಕ್ಯಾನರಿನಲ್ಲಿ ನೋಡಬಹುದು. ಅದು ಐಡ್ಲಿಂಗಿನಲ್ಲಿ ದೊಡ್ಡದಾಗಿದ್ದು ರೇಸ್ ಕೊಟ್ಟಾಗ ಇಳಿದರೆ ಎಲ್ಲೋ ಪೈಪಿನಲ್ಲಿ ಗಾಳಿ ಸೋರುತ್ತಿದೆ. ಲೋಡ್ ಬಿದ್ದಂತೆ ಏರಿದರೆ ಆ ಸೆನ್ಸರಿನ ಮೇಲೋ ಇಂಧನದ ಒತ್ತಡದ ಮೇಲೋ ಕಣ್ಣಿಡಬೇಕು. ಬಿಸಿಯಾದಾಗ ಎಂಜಿನ್ ನಿಂತು ಅರ್ಧ ಗಂಟೆಯ ನಂತರ ತಾನೇ ಸ್ಟಾರ್ಟ್ ಆಗುವ ಕಾರಿನ ಹೊಸ ಕ್ರ್ಯಾಂಕ್ ಸೆನ್ಸರನ್ನು ಹಾಟ್ ಏರ್ ಗನ್ನಿನಲ್ಲಿ ಕಾಯಿಸಿ ಅದರ ಸಿಗ್ನಲ್ ಉಳಿಯುತ್ತದೆಯೇ ನೋಡಬೇಕು.

ಈ ಪಂಥದ ತೊಡಕು ಕಾಲ ಮತ್ತು ಕಾಸು. ಅಳೆಯುವ ಗಂಟೆಗೆ ಗಿರಾಕಿ ದುಡ್ಡು ಕೊಡುವುದಿಲ್ಲ, ಹಾಕಿದ ಭಾಗಕ್ಕೆ ಕೊಡುತ್ತಾನೆ. ಹೀಗಾಗಿ ಅಳೆಯುವ ಮೆಕ್ಯಾನಿಕ್ಕಿಗೆ ನಷ್ಟ, ಊಹಿಸಿ ಬದಲಿಸುವವನಿಗೆ ಲಾಭ ಎಂಬ ವಿಪರೀತ ಸ್ಥಿತಿ ನಿಂತುಬಿಟ್ಟಿದೆ.

ಭಾಗ ಸರಿ, ಹೊಂದಿಕೆ ತಪ್ಪು

ಇತ್ತೀಚೆಗೆ ಐದನೆಯ ವಿವರಣೆಯೊಂದು ಬಲಗೊಂಡಿದೆ. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ ಅನೇಕ ಇಂಜೆಕ್ಟರುಗಳ ಮೇಲೆ ಒಂದು ಸಂಕೇತ ಕೊರೆದಿರುತ್ತಾರೆ. ತಯಾರಿಕೆಯಲ್ಲಿ ಉಳಿದ ಸೂಕ್ಷ್ಮ ವ್ಯತ್ಯಾಸವನ್ನು ಹೇಳುವ ಅಂಕಿ ಅದು. ಅದನ್ನು ಎಂಜಿನ್ನಿನ ಕಂಪ್ಯೂಟರಿಗೆ ಊಡಿಸದಿದ್ದರೆ ಒಳ್ಳೆಯ ಇಂಜೆಕ್ಟರ್ ಹಾಕಿಯೂ ಎಂಜಿನ್ ನಡುಗಬಹುದು, ಹೊಗೆ ಬಿಡಬಹುದು. ಬ್ರೂಕ್‌ಲ್ಯಾಂಡ್ಸಿನಲ್ಲಿ ಸಾಧಿಸಿದ ಅದಲುಬದಲು ಇಲ್ಲಿ ಸಾಲದು. ಇದನ್ನು ಕೆಟ್ಟ ಭಾಗವೆನ್ನಬೇಕೇ, ಕೆಟ್ಟ ಫಿಟ್ಟಿಂಗ್ ಎನ್ನಬೇಕೇ? ಎರಡೂ ಹೊಂದುವುದಿಲ್ಲ. ಕಾರು ಬಿಡಿಭಾಗಗಳ ಮೊತ್ತವಾಗಿ ಉಳಿದಿಲ್ಲ ಎಂಬುದನ್ನು ಈ ವಿವರಣೆ ಗುರುತಿಸುತ್ತದೆ. ಆದರೆ ನಿಜವಾಗಿ ಕೆಟ್ಟ ಭಾಗ ಬಂದಾಗಲೂ ‘ಪ್ರೋಗ್ರಾಮಿಂಗ್ ಆಗಿಲ್ಲ’ ಎಂದು ಸಾಗಹಾಕಲು ಇದೇ ನೆಪವಾಗುವ ಅಪಾಯವಿದೆ.

ಪಂಥಗಳು ಕೂಡುವ ಜಾಗ

ಈ ಐದನ್ನೂ ಒಟ್ಟಿಗಿಟ್ಟು ನೋಡಿದರೆ ಜಗಳ ಕಂಡಷ್ಟು ದೊಡ್ಡದಲ್ಲ. ಎರಡನೆಯ ಪಂಥ ಎಲ್ಲಿ ನೋಡಬೇಕು ಎನ್ನುತ್ತದೆ, ನಾಲ್ಕನೆಯದು ಹೇಗೆ ನೋಡಬೇಕು ಎನ್ನುತ್ತದೆ. ಭಾಗವನ್ನು ದೂರುವ ಮೊದಲು ಏನನ್ನು ತಳ್ಳಿಹಾಕಬೇಕು ಎಂಬುದನ್ನು ಮೊದಲ ಮತ್ತು ಐದನೆಯ ಪಂಥಗಳು ಹೇಳಿದರೆ, ದೋಷ ಸಿಕ್ಕ ಮೇಲೆ ಅದು ಎಲ್ಲಿಂದ ಬಂತೆಂದು ಮೂರನೆಯದು ಕೇಳುತ್ತದೆ. ಎಲ್ಲದರ ತಳದಲ್ಲಿ ನಾನು ಖಚಿತವಾಗಿ ಹಿಡಿಯುವ ಮಾತೊಂದಿದೆ: ಹೊಸತನ ಸಾಕ್ಷ್ಯವಲ್ಲ. ಹೊಸ ಭಾಗವೆಂದರೆ ಇನ್ನೂ ಪರೀಕ್ಷೆಗೆ ಒಳಗಾಗದ ಭಾಗ. ಹತ್ತು ವರ್ಷ ನಡೆದ ಹಳೆಯದು ತನ್ನ ಯೋಗ್ಯತೆಯನ್ನು ರಸ್ತೆಯ ಮೇಲೆ ತೋರಿಸಿಯೇ ಸವೆದಿರುತ್ತದೆ. ಹೊಸದು ಅದನ್ನು ಇನ್ನೂ ತೋರಿಸಬೇಕಾಗಿದೆ.

ಇದರಿಂದ ಹೊರಡುವ ಕ್ರಮ ಸರಳ. ಡಬ್ಬಿ ತೆರೆದಾಗ ಹಳೆಯದರ ಪಕ್ಕ ಹೊಸದನ್ನಿಟ್ಟು ಉದ್ದ, ತೂಕ, ಕನೆಕ್ಟರ್, ನಂಬರ್ ಹೋಲಿಸುವುದು. ಹೊರಗೇ ಪರೀಕ್ಷಿಸಬಹುದಾದ್ದನ್ನು ಹೊರಗೇ ಪರೀಕ್ಷಿಸುವುದು. ಒಂದು ಸಲಕ್ಕೆ ಒಂದೇ ಭಾಗ ಬದಲಿಸುವುದು. ಬಿಲ್ಲು, ಡಬ್ಬಿ ಮತ್ತು ಹಳೆಯ ಭಾಗವನ್ನು ಕಾರು ಸರಿಹೋಯಿತೆಂದು ಖಚಿತವಾಗುವವರೆಗೆ ಎತ್ತಿಡುವುದು. ಹಳೆಯ ಭಾಗವನ್ನು ಗಿರಾಕಿ ಕೇಳಿ ಪಡೆಯುವುದು ಸಂಶಯವಲ್ಲ, ಆ ಭಾಗ ಮುಂದಿನ ರೋಗಪತ್ತೆಗೆ ಬೇಕಾದ ಸಾಮಗ್ರಿ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದಾಗಿ, ಹೊಸ ಭಾಗಗಳಲ್ಲಿ ಎಷ್ಟು ಕೆಟ್ಟಿರುತ್ತವೆ ಎಂಬ ಮೂಲ ಪ್ರಶ್ನೆಯೇ ಬಗೆಹರಿದಿಲ್ಲ. ಕಂಪನಿಗಳ ಲೆಕ್ಕ ವಾರಂಟಿ ಕಡತಗಳಲ್ಲಿದೆ, ಹೊರಬರುವುದಿಲ್ಲ. ಅಂಗಡಿಯ ಕೌಂಟರಿನಲ್ಲಿ ಬದಲಿಸಿಕೊಟ್ಟ ಭಾಗ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅಂಕಿಯಿಲ್ಲದಿರುವುದರಿಂದಲೇ ಮೊದಲ ಎರಡು ಪಂಥಗಳ ನಡುವಿನ ವಾದ ಇನ್ನೂ ನಡೆಯುತ್ತಿದೆ.

ಎರಡನೆಯದು ವಾಪಸಾತಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಮು ದೋಷ ಒಂದು ಬಿಡಿಭಾಗದಲ್ಲಿದ್ದರೆ ಅದನ್ನು ಹೊತ್ತ ವಾಹನಗಳನ್ನು ವಾಪಸು ಕರೆಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಆದರೆ ಬಿಡಿಯಾಗಿ ಮಾರಾಟವಾಗಿ, ಚಳ್ಳಕೆರೆಯಲ್ಲೋ ಶಿರಸಿಯಲ್ಲೋ ಯಾವುದೋ ಕಾರಿಗೆ ಕೂತ ಭಾಗವನ್ನು ಹುಡುಕುವುದು ಹೇಗೆ? ಜನರಲ್ ಮೋಟಾರ್ಸ್ ಕೂಡ ಕಾರುಗಳನ್ನು ಸಾರಾಸಗಟಾಗಿ ಕರೆಸಬೇಕಾಯಿತು. ಭಾಗಕ್ಕೆ ಸೀರಿಯಲ್ ನಂಬರ್, ಬಿಲ್ಲಿನಲ್ಲಿ ಅದರ ನಮೂದು ಕಡ್ಡಾಯವಾಗಬೇಕೇ, ಅದರ ಹೊರೆ ಸಣ್ಣ ಅಂಗಡಿಗಳಿಗೆ ತಾಳೀತೇ ಎಂಬ ಚರ್ಚೆ ಬಾಕಿಯಿದೆ.

ಮೂರನೆಯದು ಹಕ್ಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆಯಿತು. ಆದರೆ ಹೊಸ ಭಾಗವನ್ನು ಅಳೆಯಲು ಬೇಕಾದ ಕಂಪನಿಯ ನಿಖರ ಅಳತೆಗಳು, ವೈರಿಂಗ್ ನಕ್ಷೆಗಳು, ಪ್ರೋಗ್ರಾಮಿಂಗ್ ಸೌಲಭ್ಯ ತಾಲ್ಲೂಕಿನ ಗ್ಯಾರೇಜಿಗೆ ಎಷ್ಟರಮಟ್ಟಿಗೆ, ಯಾವ ಬೆಲೆಗೆ ಸಿಗಬೇಕು ಎಂಬುದು ತೀರ್ಮಾನವಾಗಿಲ್ಲ. ಮೊಹರು ಮಾಡಿದ ಬ್ಯಾಟರಿ ಪ್ಯಾಕ್ ಮತ್ತು ಸಾಫ್ಟ್‌ವೇರಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗಲಿದೆ.

ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ನಾಲ್ಕನೆಯದು: ಎರಡನೇ ಸಲದ ಕೂಲಿ ಯಾರದು? ಕೆಟ್ಟ ಭಾಗ ಕೊಟ್ಟವನು ಭಾಗಕ್ಕೆ ಭಾಗ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಬಿಚ್ಚಿ ಕಟ್ಟಿದ ಶ್ರಮ, ಚೆಲ್ಲಿದ ಕೂಲೆಂಟ್, ನಡುವೆ ಸುಮ್ಮನೆ ಬದಲಿಸಿದ ಒಳ್ಳೆಯ ಭಾಗಗಳು, ಗಾಡಿಯಿಲ್ಲದೆ ಹೋದ ಬಾಡಿಗೆ ಇವನ್ನು ಮೆಕ್ಯಾನಿಕ್ ಅಥವಾ ಮಾಲೀಕ ನುಂಗಿಕೊಳ್ಳುತ್ತಾನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಯಾರಕ, ಮಾರಾಟಗಾರ, ಸೇವೆ ಕೊಟ್ಟವ ಮೂವರ ಮೇಲೂ ಉತ್ಪನ್ನದ ಹೊಣೆ ಹೊರಿಸಲು ದಾರಿ ಮಾಡಿದೆ. ಆದರೆ ಐನೂರು ರೂಪಾಯಿಯ ಭಾಗ, ಐದು ಸಾವಿರದ ಕೂಲಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ವಿರಳ. ದೋಷ ಪತ್ತೆಗೆ ಕಳೆದ ಹೊತ್ತಿಗೆ ಬೆಲೆ ಕಟ್ಟುವ, ಕೆಟ್ಟ ಭಾಗದ ಜೊತೆ ಅದರ ಕೂಲಿಯನ್ನೂ ತಯಾರಕ ತೆರುವ ಪದ್ಧತಿ ಬರುವವರೆಗೆ ಅಳೆದು ನೋಡುವ ಮೆಕ್ಯಾನಿಕ್ ತನ್ನ ಜೇಬಿನಿಂದಲೇ ಆ ಶಿಸ್ತಿಗೆ ದುಡ್ಡು ಕೊಡುತ್ತಿರುತ್ತಾನೆ. ಈ ಹೊರೆ ಅವನದಾಗಬಾರದು. ಯಾರದಾಗಬೇಕು ಎಂಬುದನ್ನು ಮಾರುಕಟ್ಟೆಯೂ ಕಾನೂನೂ ಇನ್ನೂ ಹೇಳಬೇಕಾಗಿದೆ.